ಗಾಳಿಗೆ ಬಂದ ಅಂಕ

ನಾನು ಒಂದು ಮೊಬೈಲ್ ಫೋನು. ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ, ಬಿಳಿ ದೀಪಗಳ ಕೆಳಗೆ. ತೆಳ್ಳನೆಯ ಕೈಗವಸು ಹಾಕಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕೂತು ನನ್ನನ್ನು ಜೋಡಿಸಿದರು. ಒಬ್ಬಳು ಕಣ್ಣು ಇಟ್ಟಳು, ಒಬ್ಬಳು ಕಿವಿ ಇಟ್ಟಳು, ಮತ್ತೊಬ್ಬಳು ಬಾಯಿ ಇಟ್ಟಳು. ಮೂಗು ಮಾತ್ರ ಯಾರೂ ಇಡಲಿಲ್ಲ. ಆಗ ಅದೊಂದು ಕೊರತೆ ಅಂತ ನನಗೂ ಅನ್ನಿಸಲಿಲ್ಲ.

ನನ್ನ ಮೊದಲ ಒಡತಿ ಹುಬ್ಬಳ್ಳಿಯ ನಂದಿನಿ. ಕಾಲೇಜಿನಲ್ಲಿ ಪಾಠ ಮಾಡುವವಳು, ಬೆಳಿಗ್ಗೆ ಓಡುವವಳು. ಊರಿನ ಗಾಳಿ ಹೇಗಿದೆ ಎಂದು ತೋರಿಸುವ ಆ್ಯಪ್ ಒಂದನ್ನು ನನ್ನೊಳಗೆ ಹಾಕಿಸಿದವಳು ಅವಳೇ. ದಿನಾ ಎದ್ದ ಕೂಡಲೇ ನನ್ನನ್ನು ಮುಖದ ಹತ್ತಿರ ಹಿಡಿಯುತ್ತಿದ್ದಳು. ನಾನು ಎಲ್ಲಿಂದಲೋ ಒಂದು ಸಂಖ್ಯೆ ತಂದು ಮುಂದಿಡುತ್ತಿದ್ದೆ. ಸಂಖ್ಯೆ ಸಣ್ಣದಿದ್ದರೆ ನಕ್ಕು ಬೂಟು ಕಟ್ಟಿಕೊಳ್ಳುತ್ತಿದ್ದಳು. ದೊಡ್ಡದಿದ್ದರೆ ಹುಬ್ಬು ಗಂಟಿಕ್ಕಿ ನನ್ನನ್ನು ಹಾಸಿಗೆ ಮೇಲೆ ಒಗೆಯುತ್ತಿದ್ದಳು. ದೊಡ್ಡ ಸಂಖ್ಯೆ ಕೆಟ್ಟದ್ದು, ಸಣ್ಣದು ಒಳ್ಳೆಯದು ಎಂದು ನಾನು ತಿಳಿದುಕೊಂಡೆ. ಲೋಕದಲ್ಲಿ ಇದಕ್ಕಿಂತ ಸುಲಭದ ಕೆಲಸ ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಒಂದು ದಿನ ಹೀಗೆ ಒಗೆದಾಗ ಹಾಸಿಗೆ ತಪ್ಪಿ ನೆಲಕ್ಕೆ ಬಿದ್ದೆ. ನೆತ್ತಿಯ ಮೇಲೆ ಒಂದು ಕಪ್ಪು ಮಚ್ಚೆಯಾಯಿತು. ಗಾಳಿ ಒಳ್ಳೆಯದೋ ಕೆಟ್ಟದೋ ಎಂದು ಅಕ್ಷರದಲ್ಲಿ ಬರೆದು ಬರುತ್ತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. ಅಂದಿನಿಂದ ಅದು ಕಾಣುತ್ತಿರಲಿಲ್ಲ. ಬರೀ ಸಂಖ್ಯೆ ಕಾಣುತ್ತಿತ್ತು. ನಂದಿನಿ ಹೊಸ ಫೋನು ತಂದಳು. ನನ್ನನ್ನು ತನ್ನ ದೊಡ್ಡವ್ವನಿಗೆ ಕೊಟ್ಟಳು.

ದೊಡ್ಡವ್ವ ಅಂದರೆ ಅನಸೂಯಾ ಅಕ್ಕೋರು. ಜೀವನವಿಡೀ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಅದಕ್ಕೇ ಎಲ್ಲರಿಗೂ ಅಕ್ಕೋರು. ಮದುವೆಯಾದವರಲ್ಲ. ಜೊತೆಗಿದ್ದದ್ದು ತಮ್ಮ ವಿರೂಪಾಕ್ಷಪ್ಪ. ಅವರು ಹತ್ತಿ ಅರಳಿಸುವ ಫ್ಯಾಕ್ಟರಿಯಲ್ಲಿ ದುಡಿದು ದುಡಿದು ಎದೆಯೊಳಗೆ ದಮ್ಮು ತುಂಬಿಕೊಂಡಿದ್ದರು. ಸಾಲದ್ದಕ್ಕೆ ಸಕ್ಕರೆ ಕಾಯಿಲೆ ಬೇರೆ. ಗಾಳಿ ಚೆನ್ನಾಗಿದ್ದಾಗ ದಿನಾ ನಡೆಯಿರಿ, ಕೆಟ್ಟಾಗ ಮನೆಯಲ್ಲೇ ಇರಿ, ಇನ್ನೊಮ್ಮೆ ದಮ್ಮು ಜೋರಾದರೆ ಮನೆಗೆ ಆಕ್ಸಿಜನ್ ಸಿಲಿಂಡರ್ ತರಬೇಕಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಸಿಲಿಂಡರ್ ಎಂಬ ಮಾತನ್ನೇ ಮನೆಯಲ್ಲಿ ಎತ್ತಲು ಅಕ್ಕೋರು ಬಿಡುತ್ತಿರಲಿಲ್ಲ.

"ದೊಡ್ಡವ್ವಾ, ದಿನಾ ಇದರಾಗ ನಂಬರ್ ನೋಡು. ಗಾಳಿ ಛಲೋ ಇದ್ರ ಮಾಮಾನ್ನ ಕರಕೊಂಡು ಹೋಗು," ಎಂದಳು ನಂದಿನಿ. ಕಾಲೇಜಿಗೆ ಹೊತ್ತಾಗಿತ್ತು. ಯಾವ ನಂಬರ್ ಛಲೋ ಎಂದು ಹೇಳದೆ ಹೋಗಿಬಿಟ್ಟಳು.

ಮರುದಿನ ಬೆಳಿಗ್ಗೆ ಅಕ್ಕೋರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಮಳೆಗಾಲ. ನಾನು ಅರವತ್ತೆರಡು ತಂದೆ. ಅವರ ಕಣ್ಣು ಕೆಳಗೆ ಹೋಯಿತು. ಅಲ್ಲಿ ಒಂದು ಪಟ್ಟಿ, ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ ಐನೂರು.

"ಐನೂರಕ್ಕ ಅರವತ್ತೆರಡು," ಎಂದರು ಅಕ್ಕೋರು. "ಪಾಸಾಗ್ಬೇಕಂದ್ರ ನೂರಾ ಎಪ್ಪತ್ತೈದರ ಬೇಕು. ಇಂಥಾ ಗಾಳ್ಯಾಗ ನಿನ್ನ ಹೆಂಗ ಕರಕೊಂಡು ಹೋಗ್ಲಿ?"

ನಾನು ತಬ್ಬಿಬ್ಬಾದೆ. ಇದೇ ಅರವತ್ತೆರಡಕ್ಕೆ ನಂದಿನಿ ಕುಣಿದಾಡುತ್ತಿದ್ದಳು. ಸಂಖ್ಯೆಯ ಬಣ್ಣವಾದರೂ ಕಾಪಾಡೀತು ಎಂದುಕೊಂಡೆ, ಅದೂ ಆಗಲಿಲ್ಲ. ಸಣ್ಣ ಸಂಖ್ಯೆ ಹಸಿರಿನಲ್ಲಿ ಬರುತ್ತಿತ್ತು. ಅಕ್ಕೋರು ಕಂಡಂತೆ ಹಸಿರು ಶಾಯಿ ಹೆಡ್ ಮಾಸ್ತರರದು, ತಪ್ಪು ಕಂಡಾಗ ಅವರು ತಿದ್ದುವುದು ಅದರಲ್ಲಿ. ಅಂಕ ಹಾಕುವುದು ಕೆಂಪು ಶಾಯಿಯಲ್ಲಿ. ಹಾಗಾಗಿ ಸಂಖ್ಯೆ ಕೆಂಪಗಾದಾಗ ಅವರಿಗೆ ತಮ್ಮದೇ ಕೈಬರಹ ಕಂಡಷ್ಟು ಸಮಾಧಾನವಾಗುತ್ತಿತ್ತು.

ಮಳೆಗಾಲ ಪೂರ್ತಿ ಗಾಳಿ ಫೇಲಾಯಿತು. ಮಳೆ ನಿಂತು ಬೀದಿ ತೊಳೆದಿಟ್ಟ ಹಾಗೆ ಇರುವಾಗ ವಿರೂಪಾಕ್ಷಪ್ಪ ಕಿಟಕಿಯಲ್ಲಿ ನಿಂತು, "ಅಕ್ಕಾ, ಒಂದು ಸುತ್ತು ಹೋಗಿ ಬರೂಣಲ್ಲ," ಎನ್ನುತ್ತಿದ್ದರು. ಅಕ್ಕೋರು ಕಿಟಕಿಯನ್ನೇ ಮುಚ್ಚುತ್ತಿದ್ದರು. ಮುಚ್ಚಿದ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯ ಘಾಟು ತುಂಬಿ ತಮ್ಮ ಕೆಮ್ಮಿದರೆ, "ನೋಡಿದಿ? ಎಲ್ಲೋ ಸಂದಿಯಾಗಿಂದ ಹೊರಗಿನ ಗಾಳಿ ಬರಾಕತ್ತೈತಿ," ಎಂದು ಬಾಗಿಲ ಕೆಳಗೆ ಹಳೆಯ ಸೀರೆ ತುರುಕುತ್ತಿದ್ದರು.

ಮಳೆ ಹೋಯಿತು. ಓಣಿಯ ರಸ್ತೆಯನ್ನು ಯಾರೋ ಅಗೆದು ಹಾಗೇ ಬಿಟ್ಟರು. ನಾನು ತರುವ ಸಂಖ್ಯೆ ಏರತೊಡಗಿತು. ನೂರಾ ಎಂಬತ್ತೆರಡು ಬಂದ ದಿನ ಅಕ್ಕೋರ ಮುಖ ನೋಡಬೇಕಿತ್ತು. "ಪಾಸಾತು ತಮ್ಮಾ. ನೂರಾ ಎಂಬತ್ತೆರಡು. ಚಪ್ಪಲಿ ಹಾಕ್ಕೋ."

ವಿರೂಪಾಕ್ಷಪ್ಪ ನನ್ನತ್ತ ಬಗ್ಗಿದರು. "ಇದು ಊಟದ ಮೊದ್ಲಿಂದೋ, ಊಟ ಆದಮ್ಯಾಲಿಂದೋ?"

"ನಿನಗ ಎಲ್ಲಾದ್ರಾಗೂ ಸಕ್ಕರೀನ ಕಾಣ್ತದ. ಇದು ಗಾಳಿ."

"ಸಕ್ಕರಿ ಇಷ್ಟ ಬಂದ್ರ ಡಾಕ್ಟರ್ ಬೈತಾನ, ಅದಕ್ಕ ಕೇಳ್ದೆ."

"ನಾಲ್ಕನೇತ್ತ್ಯಾಗ ಹಿಂಗ ಪ್ರಶ್ನೆ ಕೇಳಿದ್ರ ಫೇಲಾಗ್ತಿರ್ಲಿಲ್ಲ ನೀ."

ವಿರೂಪಾಕ್ಷಪ್ಪ ಚಪ್ಪಲಿ ಹಾಕಿಕೊಂಡರು. ನಾಲ್ಕನೆಯ ತರಗತಿಯಲ್ಲಿ ಸ್ವಂತ ತಮ್ಮನನ್ನೇ ಫೇಲ್ ಮಾಡಿದ ಅಕ್ಕೋರು ಅವರು. ಆ ಮನೆಯಲ್ಲಿ ಅಂಕದ ವಿಷಯಕ್ಕೆ ಯಾರೂ ಎದುರಾಡುತ್ತಿರಲಿಲ್ಲ.

ಪಾಸಾದ ದಿನಗಳಲ್ಲೆಲ್ಲ ಅಕ್ಕ ತಮ್ಮ ನಡೆಯಲು ಹೋದರು. ಅಕ್ಕೋರ ಕೈಚೀಲದಲ್ಲಿ ಕೂತು ನಾನೂ ಹೋದೆ. ಚೀಲದ ಬಾಯಿಂದ ನನಗೆ ವಿರೂಪಾಕ್ಷಪ್ಪನ ಗದ್ದ ಕಾಣುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಅದು ಮೇಲೆ ಕೆಳಗೆ ಆಗುತ್ತಿತ್ತು, ಎದೆಯೊಳಗೆ ಸಣ್ಣ ಶಿಳ್ಳೆ ಕೇಳುತ್ತಿತ್ತು. ಮೈಯೆಲ್ಲ ಜಡ್ಡುಗಟ್ಟಿದೆ, ನಾಳೆ ಇನ್ನಷ್ಟು ನಡೆಯಬೇಕು ಎನ್ನುತ್ತಿದ್ದರು ಅಕ್ಕೋರು. ನನಗೆ ಸಂಕಟವಾಗುತ್ತಿತ್ತು. ಆದರೆ ಸರಿ ಯಾರು? ಓಡುವ ನಂದಿನಿಯೋ, ತಿದ್ದುವ ಅಕ್ಕೋರೋ? ಇಬ್ಬರೂ ಓದಿದವರು. ಮೂಗಿಲ್ಲದ ನಾನು ಏನೆಂದು ತೀರ್ಮಾನಿಸಲಿ?

ದೀಪಾವಳಿಯ ಪಟಾಕಿಯೆಲ್ಲ ಸುಟ್ಟು ಮುಗಿದ ಮರುದಿನ ಬೆಳಿಗ್ಗೆ ನಾನು ಮುನ್ನೂರ ಹನ್ನೆರಡು ತಂದೆ. ಅಷ್ಟು ದೊಡ್ಡದನ್ನು ನಾನು ಹಿಂದೆಂದೂ ಹೊತ್ತಿರಲಿಲ್ಲ. "ಫಸ್ಟ್ ಕ್ಲಾಸ್," ಎಂದರು ಅಕ್ಕೋರು, ಮೆಲ್ಲಗೆ, ದೇವರ ಮುಂದೆ ಹೇಳುವ ಹಾಗೆ. ತಮ್ಮನಿಗೆ ಹಬ್ಬದ ಹೊಸ ಅಂಗಿ ಹಾಕಿಸಿದರು. ದಿನಾ ಹೋಗುವುದಕ್ಕಿಂತ ದೂರ ಹೋಗೋಣ ಎಂದರು.

ದೂರ ಹೋಗಲಾಗಲಿಲ್ಲ. ಓಣಿಯ ಕೊನೆಯಲ್ಲಿ ವಿರೂಪಾಕ್ಷಪ್ಪ ಒಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಬಾಯಿ ತೆರೆದು ಗಾಳಿ ಎಳೆದರೂ ಒಳಗೆ ಹೋಗುತ್ತಿರಲಿಲ್ಲ. ಅಕ್ಕೋರು ಆಟೋ ನಿಲ್ಲಿಸಿ ದವಾಖಾನೆಗೆ ಕರೆತಂದರು. ದಾರಿಯುದ್ದಕ್ಕೂ ನನ್ನನ್ನು ಬಿಗಿಯಾಗಿ ಹಿಡಿದಿದ್ದರು.

ದವಾಖಾನೆಯಲ್ಲಿ ನರ್ಸು ವಿರೂಪಾಕ್ಷಪ್ಪನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಒಂದು ಕ್ಲಿಪ್ಪು ಸಿಕ್ಕಿಸಿದಳು. "ಎಂಬತ್ತಾರು," ಎಂದಳು.

"ಛಲೋ ಐತಲ್ಲ?" ಎಂದರು ಅಕ್ಕೋರು ಆಸೆಯಿಂದ.

"ಇಲ್ರಿ, ಭಾಳ ಕಡಿಮಿ ಆಗೈತ್ರಿ." ಮಾಸ್ಕ್ ಹಾಕಿ, ಬೆರಳಿನಿಂದ ರಕ್ತ ತೆಗೆದು ನೋಡಿದಳು. "ಸಕ್ಕರಿ ಎರಡನೂರಾ ನಲವತ್ತು. ಇದು ಭಾಳ ಹೆಚ್ಚಾಗೈತ್ರಿ."

ಕಡಿಮೆಯೂ ಕೆಟ್ಟದ್ದು, ಹೆಚ್ಚೂ ಕೆಟ್ಟದ್ದು. ನನ್ನ ತಲೆ ಪೂರ್ತಿ ಕೆಟ್ಟುಹೋಯಿತು. ಅಕ್ಕೋರು ಸ್ವಲ್ಪ ಹೊತ್ತು ತಮ್ಮನ ಮಾಸ್ಕನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನರ್ಸಿನ ಮುಂದೆ ಹಿಡಿದರು.

"ತಂಗೀ, ಇದು ಹೆಚ್ಚು ಬಂದ್ರ ಛಲೋನೋ, ಕಡಿಮಿ ಬಂದ್ರ ಛಲೋನೋ?"

"ಕಡಿಮಿ ಬರಬೇಕ್ರಿ ಅಕ್ಕೋರ. ಮುನ್ನೂರ ಅಂದ್ರ ಗಟ್ಟಿಮುಟ್ಟ ಇದ್ದವ್ರೂ ಹೊರಗ ಹೋಗಬಾರ್ದು."

ಅಕ್ಕೋರು ಬೆಂಚಿನ ಮೇಲೆ ಕೂತರು. ಸೆರಗಿನಿಂದ ನನ್ನ ಕಪ್ಪು ಮಚ್ಚೆಯನ್ನು ಒರೆಸಿದರು, ಮತ್ತೆ ಒರೆಸಿದರು. ಅದು ಹೋಗುವಂಥದ್ದಲ್ಲ. "ಮಳಿಗಾಲ ಪೂರ್ತಿ ಒಳಗ ಕೂಡಿ ಹಾಕಿದ್ನಿ. ಧೂಳಾಗ ಎಳಕೊಂಡು ತಿರುಗಿದ್ನಿ. ನನ್ನ ಕೈಯಾರೆ ಕೊಲ್ತಿದ್ದೆ," ಎಂದು ಅತ್ತರು. ಅವರ ಕಣ್ಣೀರು ನನ್ನ ಗಾಜಿನ ಮೇಲೆ ಬಿತ್ತು. ನಾನೂ ಪಾಲುದಾರನಲ್ಲವೇ? ಅಳಲು ನನಗೆ ಬರುವುದಿಲ್ಲ, ಅಷ್ಟೇ.

ವಿರೂಪಾಕ್ಷಪ್ಪ ಮಾಸ್ಕ್ ಒಂಚೂರು ಸರಿಸಿದರು. "ಮೊದ್ಲ ಕೇಳಿದ್ದೆ ನಾ. ಊಟದ ಮೊದ್ಲಿಂದೋ, ಆಮ್ಯಾಲಿಂದೋ ಅಂತ."

ಅವರು ಉಳಿದರು. ಸಿಲಿಂಡರ್ ಮಾತ್ರ ಮನೆಗೆ ಬಂದೇ ಬಂತು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಉಬ್ಬಿ ಬೆನ್ನು ಬಾಗಿದೆ. ವೈರು ಕಿತ್ತರೆ ಪ್ರಾಣ ಹೋಗುತ್ತದೆ. ಆದ್ದರಿಂದ ಕಿಟಕಿಯ ಪಕ್ಕದ ಮೂಲೆಯೇ ನನ್ನ ಮನೆ, ಸಿಲಿಂಡರ್ ನನ್ನ ನೆರೆಯವ. ಅವನ ನೆತ್ತಿಯ ಮೇಲೂ ಒಂದು ಮುಳ್ಳು ಸಂಖ್ಯೆ ತೋರಿಸುತ್ತದೆ. ಅದು ಹೆಚ್ಚಿರಬೇಕೋ ಕಡಿಮೆ ಇರಬೇಕೋ ನಾನು ಕೇಳಲು ಹೋಗಿಲ್ಲ.

ಅಕ್ಕೋರು ಎದ್ದ ಕೂಡಲೇ ಮೊದಲು ತಮ್ಮನ ಹತ್ತಿರ ಹೋಗಿ ಎದೆಯ ಶಿಳ್ಳೆ ಆಲಿಸುತ್ತಾರೆ. ನನ್ನ ಕಡೆ ಬರುವುದು ಆಮೇಲೆ. ನಿನ್ನೆ ಮಳೆ ಹೊಯ್ದಿತ್ತು. ಇವತ್ತು ನಾನು ಮೂವತ್ತೆಂಟು ತಂದೆ, ಹಸಿರು ಬಣ್ಣದಲ್ಲಿ. ಅಕ್ಕೋರು ನೋಡಿದರು, ಮತ್ತೊಮ್ಮೆ ನೋಡಿದರು. ಮುಖ ಅರಳಿತು.

"ಐನೂರಕ್ಕ ಮೂವತ್ತೆಂಟು. ಫೇಲಾಗೈತಿ ತಮ್ಮಾ. ನಡಿ, ಹೋಗೂಣು."

ವಿರೂಪಾಕ್ಷಪ್ಪ ಚಪ್ಪಲಿ ಹಾಕಿಕೊಳ್ಳುತ್ತ, "ನಾ ನಾಲ್ಕನೇತ್ತ್ಯಾಗ ಫೇಲಾದಾಗ ಹಿಂಗ ನಕ್ಕಿರ್ಲಿಲ್ಲಲ್ಲ ಅಕ್ಕಾ ನೀ," ಎಂದರು.

ಇಬ್ಬರೂ ಬಾಗಿಲು ಕಿಟಕಿ ತೆರೆದಿಟ್ಟು ಹೊರಟುಹೋದರು.