ಸಂಕಪ್ಪನ ಎರಡು ತಪ್ಪು

"ಕಣ್ಣು ಮುಚ್ಚಿ ಪೂವಕ್ಕ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ," ಎಂದು ಸಂಕಪ್ಪ ಕೋಳಿಗರಿಯಿಂದ ಅವಳ ಬಲಗೈ ಸವರಿದ. ಮೊಣಕೈಯಲ್ಲಿ ತಟ್ಟನೆ ತೋರಿಸಿದಳು. ಗರಿ ಕಿರುಬೆರಳಿಗೆ ಬಂದಾಗ ಸುಮ್ಮನೆ ಕೂತಳು. ಮುಂಗೈಯಲ್ಲಿ ನಾಲ್ಕಾಣೆಯಗಲದ ಮಸುಕು ಮಚ್ಚೆಯೊಂದಿತ್ತು. ಅಲ್ಲಿ ಒಮ್ಮೆ ಸರಿ ಹೇಳಿದಳು, ಒಮ್ಮೆ ತಪ್ಪಿದಳು.

ಸರಕಾರದ ಕುಷ್ಠ ತಪಾಸಣೆಗೆಂದು ಮನೆಮನೆ ಸುತ್ತುವುದು ಅವನ ಕೆಲಸ. ರೋಗವಿಲ್ಲ ಎಂದು ಹಿಡಿದೇ ಹೊರಡಬೇಕು, ಸಾಕ್ಷಿ ಬಲವಾದರೆ ಮಾತ್ರ ಮಾತು ಬದಲಿಸಬೇಕು ಎಂದು ತರಬೇತಿಯ ಡಾಕ್ಟರು ಕಲಿಸಿದ್ದರು. ತಪ್ಪು ಎರಡು ಬಗೆಯದಂತೆ. ಇಲ್ಲದ ರೋಗವನ್ನು ಉಂಟೆನ್ನುವುದು ಒಂದು, ಇರುವುದನ್ನು ಇಲ್ಲವೆನ್ನುವುದು ಇನ್ನೊಂದು. ಒಂದಕ್ಕೆ ಹೆದರಿ ದೂರ ಸರಿದಷ್ಟೂ ಮತ್ತೊಂದು ಹತ್ತಿರವಾಗುತ್ತದೆ ಎಂದೂ ಹೇಳಿದ್ದರು.

ಮೊದಲನೆಯದನ್ನು ಸಂಕಪ್ಪ ಆಗಲೇ ಮಾಡಿಯಾಗಿತ್ತು. ಹಿಂದಿನ ವರ್ಷ, ಸಾವಿರದ ಒಂಬೈನೂರ ಅರುವತ್ತರಲ್ಲಿ, ಮಿಜಾರಿನ ಜಲಜಾಕ್ಷಿ ಎಂಬ ಹುಡುಗಿಯ ಬೆನ್ನಿನ ಮಚ್ಚೆಯನ್ನು ರೋಗವೆಂದು ಬರೆದ. ಬರೀ ಚಿಬ್ಬು ಎಂದು ಆಸ್ಪತ್ರೆಯವರು ಹೇಳುವಷ್ಟರಲ್ಲಿ ನಿಶ್ಚಯವಾದ ಮದುವೆ ಮುರಿದಿತ್ತು. ಊರ ಬಾಯಿ ಮುಚ್ಚಿಸಲು ಯಾರಿಂದಾಗುತ್ತದೆ? ಹುಡುಗಿಯ ತಾಯಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪೂವಕ್ಕ ಗಂಡನಿಲ್ಲದವಳು, ಕಕ್ಕಿಂಜೆಯಲ್ಲಿ ಬೀಡಿ ಕಟ್ಟಿ ಬದುಕುವವಳು. ರೋಗವೆಂದು ಬರೆದರೆ ಅವಳ ಕೈಯ ಬೀಡಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಎಲೆ ಮಡಚಿ ದಡ್ಡುಗಟ್ಟಿದ ಬೆರಳಿಗೆ ಗರಿಯೇನು ತಿಳಿದೀತು ಎಂದು ಅವನು ಸಮಾಧಾನ ಮಾಡಿಕೊಂಡ. ದಡ್ಡುಗಟ್ಟಿದ್ದು ಹೆಬ್ಬೆರಳು, ತೋರುಬೆರಳು. ಗರಿ ತಿಳಿಯದ್ದು ಕಿರುಬೆರಳಿಗೆ. ಅದನ್ನು ನೋಡಲು ಅವನಿಗೆ ಮನಸ್ಸಿರಲಿಲ್ಲ. ಏನೂ ಇಲ್ಲವೆಂದು ಬರೆದು, ಅವಳಿಗೂ ಹಾಗೆಯೇ ಹೇಳಿದ. ಅವಳು ಕೈಮುಗಿದಳು.

ಎರಡು ವರ್ಷದ ಮೇಲೆ ಮತ್ತೆ ಬಂದಾಗ ಪೂವಕ್ಕ ಬೀಡಿಯ ಮೊರವಿಲ್ಲದೆ ಜಗಲಿಯಲ್ಲಿ ಕೂತಿದ್ದಳು. ಬಲಗೈಯ ಕಿರುಬೆರಳೂ ಪಕ್ಕದ್ದೂ ಒಳಕ್ಕೆ ಬಾಗಿದ್ದವು. ಒಲೆಯಲ್ಲಿ ಸುಟ್ಟದ್ದು ತಿಳಿಯದೆ ಆದ ಗಾಯ ಬೇರೆ. ಸಂಕಪ್ಪ ಆ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದ. ಇಷ್ಟಾಗುವ ತನಕ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿಬಿಟ್ಟ.

"ಆಚೆಮನೆಯವರು ಹೇಳಿದ್ರು, ತೋರಿಸು ಅಂತ. ನಾನೇ ಜಗಳ ಮಾಡಿದೆ. ಗರಿ ಹಿಡ್ಕೊಂಡು ಬಂದ ಡಾಕ್ಟ್ರು ನೋಡಿದ್ದಾರೆ, ನನಗೆ ಏನಿಲ್ಲ ಅಂತ ಹೇಳಿದ್ದಾರೆ ಅಂತ."

ಮಾತ್ರೆ ಉಂಟು, ರೋಗ ನಿಲ್ಲುತ್ತದೆ ಎಂದು ಅವನು ತೊದಲಿದ.

"ಬೆರಳು ನೆಟ್ಟಗಾಗ್ತದಾ?"

ಈ ಸಲ ಅವನಿಗೆ ಉತ್ತರ ಖಚಿತವಾಗಿ ಗೊತ್ತಿತ್ತು. ಚೀಲ ಬಿಚ್ಚಿ ಆಸ್ಪತ್ರೆಗೆ ಚೀಟಿ ಬರೆಯತೊಡಗಿದ.

ಪೂವಕ್ಕ ಒಳಗೆ ಹೋಗಿ ಬೆಲ್ಲ, ನೀರು ತಂದಳು. ಕೈಗೆ ಕೊಡಲಿಲ್ಲ. ಜಗಲಿಯ ತುದಿಯಲ್ಲಿಟ್ಟು, ಹಿಂದೆ ಸರಿದು, ಗೋಡೆಗೆ ತಾಗಿ ನಿಂತಳು.