ಹೊಲಿದಿಟ್ಟ ಹಾಳೆಗಳು

ಕೇಳದೆ ಪುಸ್ತಕ ತಂದುಕೊಡುವವರನ್ನು ನಾನು ನಂಬುವುದಿಲ್ಲ. ಅದರಲ್ಲೂ ಹುಮನಾಬಾದಿನಿಂದ ತರುವವರನ್ನು ಸುತರಾಂ ನಂಬುವುದಿಲ್ಲ. ಮನೀಷಾ ಟೀಚರು ಮೊದಲ ಸಲ ನನ್ನ ಮಗಳ ಕೈಯಲ್ಲಿ ಅಲ್ಲಿನ ಲೈಬ್ರರಿಯ ಪುಸ್ತಕ ಕಳಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅದರ ಚಿತ್ರವಲ್ಲ, ಮೇಲೆ ನೀಲಿ ಶಾಯಿಯಲ್ಲಿ ಒತ್ತಿದ್ದ ಆ ಊರಿನ ಹೆಸರು.

ಯಾಕೆಂದು ಹೇಳಿಬಿಡುತ್ತೇನೆ. ನನ್ನ ಗಂಡ ಅಜೀತ ಹುಮನಾಬಾದಿನಲ್ಲಿದ್ದಾನೆ. ಟೆಂಪೊ ಓಡಿಸುತ್ತಾನೆ, ಮೂರು ವರ್ಷದಿಂದ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ. ಅವನು ಹೋದಾಗ ಮಗಳು ಪೂನಂಗೆ ಆರು ವರ್ಷ. ಅಪ್ಪ ಪುಣೆಯಲ್ಲಿ ದೊಡ್ಡ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿದೆ. ಆಮೇಲೆ ಆ ಸುಳ್ಳಿಗೆ ಕೈಕಾಲು ಮೂಡಿದವು. ಅಲ್ಲಿ ಫೋನ್ ಹತ್ತುವುದಿಲ್ಲ, ಸೇಟು ರಜೆ ಕೊಡುವುದಿಲ್ಲ, ಹಬ್ಬಕ್ಕೆ ಬರಬೇಕೆಂದಿದ್ದ ಆದರೆ ಬಸ್ಸು ಸಿಗಲಿಲ್ಲ. ಇಲ್ಲಿ ಕಲ್ಯಾಣದ ನಮ್ಮ ಓಣಿಯವರಿಗೆ ಎಲ್ಲ ಗೊತ್ತು. ನನ್ನ ಬಾಯಿಗೆ ಹೆದರಿ ಮಗುವಿನ ಮುಂದೆ ಸುಮ್ಮನಿರುತ್ತಾರೆ, ಅಷ್ಟೇ.

ಪೂನಂ ಈಗ ನಾಲ್ಕನೇ ಇಯತ್ತೆ. ಶಾಲೆಯ ಕಪಾಟಿನ ಕತೆಪುಸ್ತಕಗಳನ್ನು ಎರಡನೇ ಇಯತ್ತೆಯಲ್ಲೇ ಮುಗಿಸಿದ್ದಳು. ಓದಲು ಏನೂ ಸಿಗದಾಗ ನಾನು ಗಿರಾಕಿಗಳಿಗೆ ಹೊಲಿದ ಬ್ಲೌಸು ಸುತ್ತಿಕೊಡಲು ಇಟ್ಟಿದ್ದ ಹಳೇ ಪೇಪರಿಗೆ ಕೈ ಹಾಕಿದಳು. ಒಂದು ದಿನ ಮಷೀನಿನ ಪಕ್ಕ ಕೂತು, "ಅವ್ವ, ಅನೈತಿಕ ಸಂಬಂಧ ಅಂದ್ರ ಏನು?" ಎಂದು ಕೇಳಿದಳು. ಅಂದೇ ಪೇಪರು ಬಿಟ್ಟು ಪ್ಲಾಸ್ಟಿಕ್ ಚೀಲ ತಂದೆ.

ಹಾಗಾಗಿ ಟೀಚರ ಪುಸ್ತಕ ಬೇಡ ಎನ್ನಲೂ ಬಾಯಿ ಬರಲಿಲ್ಲ. ಹುಡುಗಿ ಅನ್ನ ಬಿಟ್ಟಾಳು, ಅಕ್ಷರ ಬಿಡುವವಳಲ್ಲ. ಆದರೆ ಒಂದು ಕಾನೂನು ಮಾಡಿದೆ. ಸೋಮವಾರ ಪುಸ್ತಕ ಬಂದರೆ ಮೊದಲು ನನ್ನ ಕೈಗೆ. ನಾನು ಹತ್ತನೇ ಫೇಲಾದವಳು, ಆದರೂ ಓದಲು ಬರುತ್ತದೆ. ಅವಳಿಗೆ ಬೇಡವೆನಿಸಿದ ಹಾಳೆಗಳನ್ನು ಜೋಡಿಸಿ ಅಂಚಿಗೆ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದೆ. ಬ್ಲೌಸಿಗೆ ಮಷೀನು ಓಡಿಸುವ ಮೊದಲು ಉದ್ದುದ್ದ ಹಾಕುವ ಹೊಲಿಗೆ ಅದು. ಗಂಟು ಇರುವುದಿಲ್ಲ, ಕೆಲಸ ಮುಗಿದ ಮೇಲೆ ಒಂದೇ ಜಗ್ಗಿಗೆ ದಾರ ಪೂರಾ ಕೈಗೆ ಬರಬೇಕು. ಶನಿವಾರ ಪುಸ್ತಕ ತಿರುಗಿ ಹೋಗುವ ಮುಂಚೆ ದಾರ ಜಗ್ಗಿ ಕಳಿಸುತ್ತಿದ್ದೆ.

ನಾನು ಹುಡುಕುತ್ತಿದ್ದದ್ದು ಹೆಂಡತಿ ಮಗಳನ್ನು ಬಿಟ್ಟು ಇನ್ನೊಂದು ಮನೆ ಮಾಡಿಕೊಂಡ ಅಪ್ಪನನ್ನು. ಅಂಥವನು ಒಬ್ಬನೂ ಸಿಗಲಿಲ್ಲ. ಮಕ್ಕಳ ಪುಸ್ತಕ ಬರೆಯುವವರು ಅವನನ್ನು ನನಗಿಂತ ಚೆನ್ನಾಗಿ ಮುಚ್ಚಿಟ್ಟಿದ್ದಾರೆ. ಆದರೆ ಸಾಯುವ ಅಪ್ಪಂದಿರು ಮಾತ್ರ ಧಾರಾಳ. ಒಬ್ಬ ಮೀನು ಹಿಡಿಯಲು ಹೋಗಿ ಸಮುದ್ರ ಪಾಲಾಗುತ್ತಾನೆ, ಇನ್ನೊಬ್ಬ ಸೇತುವೆ ಕಟ್ಟುವಾಗ ಮೇಲಿಂದ ಬೀಳುತ್ತಾನೆ. ದೂರ ಹೋದ ಅಪ್ಪ ತಿರುಗಿ ಬರದಿದ್ದರೆ ನನ್ನ ಹುಡುಗಿಯ ತಲೆಯಲ್ಲಿ ಪ್ರಶ್ನೆ ಎದ್ದೀತು ಎಂದು ಆ ಹಾಳೆಗಳನ್ನೂ ಹೊಲಿದೆ.

ಎರಡು ತಿಂಗಳ ಹಿಂದೆ ಪೂನಂ ಅಪ್ಪನ ಸುದ್ದಿ ಕೇಳುವುದನ್ನು ಬಿಟ್ಟಳು. ಅದಕ್ಕೂ ಮೊದಲು ವಾರಕ್ಕೊಮ್ಮೆಯಾದರೂ "ಅಪ್ಪನ ಫೋನ್ ಬಂತಾ?" ಇದ್ದೇ ಇರುತ್ತಿತ್ತು. ನಿಂತದ್ದು ನನಗೆ ಹಾಯೆನಿಸಬೇಕಿತ್ತು. ಹಾಯೆನಿಸಲಿಲ್ಲ. ಯಾರೋ ಇವಳ ಕಿವಿ ಕಚ್ಚಿದ್ದಾರೆ ಎಂದುಕೊಂಡೆ.

ಕಳೆದ ಶನಿವಾರ ಬೆಳಿಗ್ಗೆ ಸೈನಿಕನೊಬ್ಬನ ಮಗಳ ಕತೆಯಿದ್ದ ಪುಸ್ತಕದಿಂದ ದಾರ ಜಗ್ಗಿದೆ. ಬರಲಿಲ್ಲ. ಮತ್ತೆ ಜಗ್ಗಿದೆ, ಹಾಳೆಯೇ ಹರಿಯುವ ಹಾಗಾಯಿತು. ತಿರುಗಿಸಿ ನೋಡಿದರೆ ಕೊನೆಗೆ ಒಂದು ಸಣ್ಣ ಗಂಟು. ನಾನು ಹದಿನೈದು ವರ್ಷದಿಂದ ಹೊಲಿಯುತ್ತಿದ್ದೇನೆ, ಕಚ್ಚಾ ಹೊಲಿಗೆಗೆ ಗಂಟು ಹಾಕಿದವಳಲ್ಲ. ಯಾರೋ ಬಿಚ್ಚಿ, ಓದಿ, ನನ್ನದೇ ತೂತುಗಳಲ್ಲಿ ಮತ್ತೆ ಹೊಲಿದಿದ್ದಾರೆ.

ಪೂನಂ ಮೇಲೆ ಅನುಮಾನವೇ ಬರಲಿಲ್ಲ. ಅವಳ ಕೈಯಲ್ಲಿ ಪೆನ್ನು ಇರಲಿ, ನನ್ನ ಹಾಗೆ ಸೂಜಿ ಬರುವುದು ಬೇಡ ಎಂದು ಒಂದು ಗುಂಡಿ ಹಾಕುವುದನ್ನೂ ಕಲಿಸಿರಲಿಲ್ಲ. ಉಳಿದವರು ಯಾರು? ಟೀಚರು. ಇರುವುದು ಹುಮನಾಬಾದಿನಲ್ಲಿ, ದಿನಾ ಬಂದುಹೋಗುವುದು ಅಲ್ಲಿಂದ. ಬೇಕೆಂದೇ ಅಪ್ಪ ಇಲ್ಲದ ಹುಡುಗಿಯರ ಕತೆ ಆರಿಸಿ ತಂದು, ಹೊಲಿಗೆ ಬಿಚ್ಚಿ ತೋರಿಸಿ, ಮಗುವಿಗೆ ಎಲ್ಲ ಹೇಳಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ನಾನೇ ಮುಟ್ಟಿಸುತ್ತೇನೆಂದು ಮಗಳನ್ನು ಬರಿಗೈಯಲ್ಲಿ ಶಾಲೆಗೆ ಕಳಿಸಿದೆ. ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಹೋಗಿ, ಹುಮನಾಬಾದಿನ ಬಸ್ಸಿಗೆ ಕಾಯುತ್ತಿದ್ದ ಟೀಚರ ಮುಂದೆ ಪುಸ್ತಕ ಹಿಡಿದೆ.

"ಇದನ್ನ ಯಾರು ಬಿಚ್ಚಿದ್ರಿ? ನನ್ನ ಮಗಳಿಗೆ ಏನ್ ಹೇಳಾಕತ್ತೀರಿ ನೀವು?"

"ಕಾಂತಾಬಾಯಿ, ಸಾವಕಾಶ ಮಾತಾಡ್ರಿ. ಏನಾತು?"

"ಹುಮನಾಬಾದಿನ್ಯಾಗ ಯಾರ್ಯಾರು ಗೊತ್ತದಾರ ನಿಮಗ? ಖರೇ ಹೇಳ್ರಿ."

"ನಮ್ಮ ಓಣಿ ಬಿಟ್ರ ನಂಗ ಯಾರೂ ಗೊತ್ತಿಲ್ಲರಿ," ಎಂದಳು. ಕಣ್ಣಲ್ಲಿ ನೀರು ಬಂದಿತ್ತು. "ಪೂನಂ ಓದೋದು ಹದಿನಾಲ್ಕು ವರ್ಷದವರ ಪುಸ್ತಕ, ವಯಸ್ಸು ಒಂಬತ್ತು. ಸಣ್ಣವರದು ಕೊಟ್ರ ಹತ್ತು ಮಿನಿಟಿನ್ಯಾಗ ಮುಗಿಸಿ ನನ್ನ ಮಾರಿ ನೋಡ್ತಾಳ. ದೊಡ್ಡವರದು ಕೊಡಾಕ ನಂಗೇ ಅಂಜಿಕಿ. ಆಯ್ತಾರ ರಜಾ ದಿನ ಕೂತು ಪೂರಾ ಓದಿ ಆಮ್ಯಾಲೆ ತರ್ತೀನಿ. ತಿರುಗಿ ಬಂದ ಪುಸ್ತಕದಾಗ ಸೂಜಿ ತೂತು ನೋಡಿ ನೀವೂ ಓದ್ತೀರಂತ ತಿಳೀತು, ಖುಷಿನೇ ಆತು ನಂಗ."

"ಮತ್ತ ಈ ಗಂಟು?"

"ನಂಗ ಹುಕ್ ಹಚ್ಚಾಕೂ ಬರಂಗಿಲ್ಲ, ಅದಕ್ಕೂ ನಿಮ್ಮ ಹತ್ರಾನೇ ಬರ್ತೀನಿ." ಟೀಚರು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಪೂನಂನೇ ಕೇಳ್ರಿ ಬೇಕಾದ್ರ. ಕ್ಲಾಸಿನ್ಯಾಗ ಹುಡುಗಿಯರ ಚೀಲ ಹರದ್ರ ಅಕಿನೇ ಹೊಲಿದು ಕೊಡ್ತಾಳ. ಭಾಳ ಚಂದ ಹೊಲೀತಾಳ."

ನನ್ನ ಮಗಳು ಹೊಲಿಯುತ್ತಾಳೆಂದು ನನಗೆ ಇನ್ನೊಬ್ಬರು ಹೇಳಬೇಕಾಯಿತು. ಟೀಚರ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಪುಸ್ತಕವನ್ನೂ ಕೊಡದೆ ತಿರುಗಿ ಮನೆ ಕಡೆ ನಡೆದೆ.

ಪೂನಂ ಹೊಸ್ತಿಲಲ್ಲಿ ಕೂತು ಕಡಲೆ ತಿನ್ನುತ್ತಿದ್ದಳು. ಒಳಗೆ ಕರೆದು ಬಾಗಿಲು ಹಾಕಿ ಪುಸ್ತಕ ತೋರಿಸಿದೆ.

"ನೀ ಬಿಚ್ಚಿದಿ?"

"ಹೂಂ."

"ಎಷ್ಟು ಪುಸ್ತಕ?"

"ಎಲ್ಲಾ. ಇದರದು ದಾರ ತುಂಡಾತು, ಅದಕ್ಕ ಗಂಟು ಹಾಕಿದೆ." ಹೆದರಿದ್ದಳು, ಆದರೆ ತಲೆ ತಗ್ಗಿಸಲಿಲ್ಲ.

ಕೈ ಎತ್ತಿದೆ. ಹೊಡೆಯುವವಳೇ ಇದ್ದೆ.

"ಮತ್ತ ಹೊಲಿದಿದ್ದು ಯಾಕ? ನಂಗ ಮೋಸ ಮಾಡಾಕ?"

"ನಂಗ ತಿಳಿದದ ಅಂತ ನಿಂಗ ಗೊತ್ತಾದ್ರ ನೀ ಅಳ್ತಿ ಅಂತ."

ಎತ್ತಿದ ಕೈ ಹಾಗೇ ನಿಂತಿತು. ಮೂರು ವರ್ಷ ನಾನು ಹೆದರಿದ್ದು ಇದಕ್ಕೇ. "ಏನ್ ತಿಳಿದದ? ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಭೂತದ ಹಾಳಿ ನೀ ಹೊಲಿಯಂಗಿಲ್ಲ. ಕಳ್ಳರು ಚಾಕು ತಗೊಂಡು ಬರೋದು ಹೊಲಿಯಂಗಿಲ್ಲ. ಅಪ್ಪ ಸಾಯೋ ಹಾಳಿ ಅಷ್ಟೇ ಹೊಲೀತಿ." ಪುಸ್ತಕದ ಹೊಲಿದ ಅಂಚನ್ನು ಮುಟ್ಟಿದಳು. "ಅಪ್ಪ ಆ ಪುಣೆದಾಗ ಮ್ಯಾಲಿಂದ ಬಿದ್ದು ಸತ್ತಾನಲ್ಲ, ಅವ್ವ?"

ನಾನು ನೆಲಕ್ಕೆ ಕೂತೆ. ಎರಡು ತಿಂಗಳಿಂದ ಈ ಕೂಸು ಬದುಕಿರುವ ಅಪ್ಪನಿಗಾಗಿ ಒಬ್ಬಳೇ ದುಃಖಪಟ್ಟಿತ್ತು. ನಾನು ಅಳುತ್ತೇನೆಂದು ನನ್ನ ಮುಂದೆ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಅವನ ಮೇಲೆ ಇದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಹೌದು ಎಂದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಹೌದು ಎಂದರೆ ಅಲ್ಲಿಗೆ ಮುಗಿಯಿತು, ಅವಳ ಅಪ್ಪ ಒಳ್ಳೆಯವನಾಗಿಯೇ ಉಳಿಯುತ್ತಾನೆ. ಆದರೆ ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ ಕೂಸ. ಸತ್ತಿಲ್ಲ. ಜಿಂದಾ ಇದ್ದಾನ."

ಕಡಲೆಯೆಲ್ಲ ನೆಲಕ್ಕೆ ಚೆಲ್ಲಿತು. ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ನಗುತ್ತಿದ್ದಳು, ಅಳುತ್ತಿದ್ದಳು, "ಖರೇ? ನನ್ನಾಣಿ?" ಎಂದು ಕೇಳುತ್ತಲೇ ಇದ್ದಳು. ಅಷ್ಟು ಖುಷಿಯಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಇದಿಷ್ಟಕ್ಕೇ ನಿಲ್ಲಲಿ ಎಂದು ಅವಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಎಲ್ಲಿ ಇದ್ದಾನ, ಅವ್ವ? ಪುಣೆದಾಗೇ?"

"ಪುಣೆದಾಗ ಇಲ್ಲ. ಹುಮನಾಬಾದಿನ್ಯಾಗ."

ಅವಳು ಮೆಲ್ಲಗೆ ನನ್ನ ಕೊರಳು ಬಿಟ್ಟಳು. ಹಿಂದಕ್ಕೆ ಸರಿದು ನಿಂತು ನನ್ನ ಮುಖವನ್ನೇ ನೋಡಿದಳು.

"ಟೀಚರ್ ದಿನಾ ಬಸ್ಸಿನ್ಯಾಗ ಬಂದುಹೋಗ್ತಾರಲ್ಲ, ಆ ಹುಮನಾಬಾದಾ?"

ಹೌದು ಎಂದೆ.

ಪೂನಂ ಕೂತು, ಚೆಲ್ಲಿದ ಕಡಲೆಯನ್ನು ಒಂದೊಂದಾಗಿ ಆರಿಸತೊಡಗಿದಳು.