ಮೂವತ್ತನಾಲ್ಕು ಇಂಚಿನ ಹೊಂಗೆ

ಹೊಲಿಗೆ ಕೋಣೆಯ ಕಿಟಕಿ ಪಶ್ಚಿಮಕ್ಕಿತ್ತು. ಮಧ್ಯಾಹ್ನ ಎರಡರ ಮೇಲೆ ಮಷಿನ್ನು ಮುಟ್ಟಲಾಗದಷ್ಟು ಕಾಯುತ್ತಿತ್ತು; ಅವಳು ಕೆಲಸ ನಿಲ್ಲಿಸಬೇಕಾಗುತ್ತಿತ್ತು. ನೆರಳಿಗೆಂದು ಎರಡು ವರ್ಷದ ಹಿಂದೆ ಕಿಟಕಿಯಾಚೆ ಹೊಂಗೆ ನೆಟ್ಟಿದ್ದಳು. ಆಚೆ ಗುಡ್ಡದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಮರ, ಇವಳ ಅಂಗಳದಲ್ಲಿ ಸೊಂಟದ ಮೇಲೆ ಏಳಲೊಲ್ಲದು. ತಿಂಗಳಿಗೊಮ್ಮೆ ಟೇಪು ಹಿಡಿದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆಯುತ್ತಿದ್ದಳು: ಮೂವತ್ತನಾಲ್ಕು ಇಂಚು. ಮತ್ತೆ ಮೂವತ್ತನಾಲ್ಕು.

"ಇನ್ನೆರಡು ತಿಂಗಳು ನೋಡ್ತೀನಿ. ಆಮೇಲೆ ಕಿತ್ತು, ನೆರಳಿಗೆ ತಗಡು ಹಾಕಿಸ್ತೀನಿ" ಎಂದ ಗಂಡ.

"ಕಾದ ತಗಡಿನ ಕೆಳಗೆ ನೀವೇ ಕೂತು ಹೊಲೀರಿ."

ನರ್ಸರಿಯವಳು ಬಂದು ಬುಡ ಕೆದಕಿ ನಕ್ಕಳು. "ಬೇರು ಪೂರಾ ಮೇಲೇ ಇದೆಯಲ್ಲಮ್ಮ! ದಿನಾ ಕುಡಿಸ್ತೀರಾ? ಕೂತಲ್ಲಿಗೇ ನೀರು ಬಂದ್ರೆ ಅದ್ಯಾಕೆ ಕೆಳಗಿಳಿಯುತ್ತೆ? ಹದಿನೈದು ದಿನಕ್ಕೊಮ್ಮೆ, ಬುಡದಿಂದ ಒಂದು ಮೊಳ ದೂರ, ಮೂರು ಬಕೆಟ್. ಅಷ್ಟೇ."

ಆದರೆ ಇವಳು ಹಾಕುತ್ತಿದ್ದುದು ವಾರಕ್ಕೊಮ್ಮೆ. ಅದನ್ನೂ ನಿಲ್ಲಿಸಿದಳು. ಆರನೆಯ ದಿನ ಬೆರಳು ಚುಚ್ಚಿದರೆ ಮಣ್ಣು ಒದ್ದೆ. ನಲ್ಲಿ ಸೋರುತ್ತಿರಲಿಲ್ಲ. ಗಂಡ ಗಿಡದ ಹತ್ತಿರ ಸುಳಿಯುವವನಲ್ಲ. ಮಾವನನ್ನು ಕೇಳಿದರೆ "ನನಗ್ಯಾಕಮ್ಮ ಅದರ ಉಸಾಬರಿ" ಎಂದರು.

ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸನ್ನು ಪುಡಿ ಮಾಡಿ ಗಿಡದ ಸುತ್ತ ಉದುರಿಸಿದಳು. ಮಧ್ಯಾಹ್ನ ಊಟಕ್ಕೆ ಬಂದ ಮಾವನ ಚಪ್ಪಲಿಯ ಅಂಚು ನೀಲಿಯಾಗಿತ್ತು.

ಮೂವತ್ತೆರಡು ವರ್ಷ ಬಸ್ಸು ಓಡಿಸಿದವರು ತಲೆ ಕೆರೆದುಕೊಂಡರು. "ಒಂದೊಂದು ಚೊಂಬು ಕಣಮ್ಮ. ಹಳೇ ಗಾಡಿ, ನಿಂತಲ್ಲೆಲ್ಲ ರೇಡಿಯೇಟರಿಗೆ ನೀರು ಹಾಕಿ ಅಭ್ಯಾಸ. ಬಿಸಿಲಲ್ಲಿ ಏನಾದ್ರೂ ನಿಂತಿದ್ರೆ ಕೈ ತಾನಾಗೇ ಹೋಗುತ್ತೆ."

"ದಿನಕ್ಕೆಷ್ಟು ಸಲ?"

"ಐದೋ ಆರೋ."

"ಅದು ಬಸ್ಸಲ್ಲ ಮಾವ!"

"ಗೊತ್ತಮ್ಮ. ಬಸ್ಸಾಗಿದ್ರೆ ಇಷ್ಟೊತ್ತಿಗೆ ಹೊರಟಿರೋದು."

ಬೈದರೆ ಕದ್ದು ಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ಕ್ಯಾಲೆಂಡರಿನಲ್ಲಿ ಒಂದು, ಹದಿನಾರನೇ ತಾರೀಕುಗಳಿಗೆ ಗೀಟು ಹಾಕಿ ಕೈಗೆ ಕೊಟ್ಟಳು. "ಇನ್ನು ನೀರಿನ ಕೆಲಸ ನಿಮ್ದೇ. ಟೈಮಿಗೆ ಮುಂಚೆ ಗಾಡಿ ಬಿಡೋ ಹಾಗಿಲ್ಲ."

ಮೊದಲ ವಾರ ಎಲೆಗಳು ಜೋತುಬಿದ್ದವು. ಮಾವ ಚೊಂಬು ಹಿಡಿದು ಬಾಗಿಲವರೆಗೆ ಬರುವುದು, ಕ್ಯಾಲೆಂಡರ್ ನೋಡಿ ಒಳಗೆ ಹೋಗುವುದು.

ಎರಡು ತಿಂಗಳಿಗೆ ಗಂಡ ತಗಡಿನವನನ್ನು ಕರೆತಂದ. ಅವಳು ಟೇಪು ಬಿಚ್ಚಿದಳು: ಮೂವತ್ತೇಳು. ತುದಿಯಲ್ಲಿ ಕೆಂಪು ಚಿಗುರು.

"ಮೂರಿಂಚಿಗೆ ಇಷ್ಟು ಜಂಬವಾ?" ಎಂದ ಗಂಡ.

"ಎರಡು ವರ್ಷ ಕೆಟ್ಟು ನಿಂತಿದ್ದ ಗಾಡಿ ಈಗ ಸ್ಟಾರ್ಟ್ ಆಗಿದೆ, ಆಫ್ ಮಾಡಬೇಡ್ವೋ" ಎಂದರು ಮಾವ.

ಗಂಡ ತಗಡಿನವನಿಗೆ ಮುಂದಿನ ವರ್ಷ ಬಾ ಎಂದ.

ಕಿಟಕಿಯ ಕೆಳ ಅಂಚು ಮುಟ್ಟಲು ಇನ್ನೂ ಐದು ಇಂಚು ಬೇಕಿತ್ತು. ಅಂದೂ ಎರಡು ಗಂಟೆಗೆ ಮಷಿನ್ನು ಕಾದು ಸುಡುತ್ತಿತ್ತು. ಅವಳು ಕೆಲಸ ನಿಲ್ಲಿಸಿ, ಹೊರಗೆ ಹೋಗಿ ಇನ್ನೊಮ್ಮೆ ಅಳೆದಳು.